ಎರಡು ಗೀರು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಶೆಟ್ಟೆಪ್ಪ ಬೈಕುಲ್ಲಾ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದ. ರೇಡಿಯೊ ಅಂಗಡಿಯ ಹಳೇ ಜೊತೆಗಾರ ಯಾಕೂಬ ಸತ್ತು ಆರು ತಾಸಾಗಿತ್ತು.

ಮುಲುಂಡಿನಿಂದ ನಿಂತುಕೊಂಡೇ ಬಂದಿದ್ದ. ಅರವತ್ತೊಂಬತ್ತರ ಮುದುಕನಿಗೆ ಯಾರೂ ಜಾಗ ಬಿಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ. ಮೊಣಕಾಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ಚಾಳಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಯಾಕೂಬನ ಮಗ ಸೊಹೈಲ ಎದ್ದು ಬಂದು ಕೈ ಹಿಡಿದ.

"ಆವೋ ಕಾಕಾ. ಸ್ನಾನ ಮಾಡ್ಸಿ ಆಯ್ತು. ಮಧ್ಯಾಹ್ನ ಜೋಹರ್ ನಮಾಜ್ ಕೆ ಟೈಮ್ ತಗೊಂಡು ಹೋಗೋದು."

ಪಕ್ಕದ ಖೋಲಿಯ ರುಕ್ಮಿಣಿಬಾಯಿ, ಸೊಲ್ಲಾಪುರದವಳು, ಎಲ್ಲರಿಗೂ ಚಹಾ ಕೊಡುತ್ತಿದ್ದಳು. "ನನ್ನ ಟೀವಿ ಮೂರು ಸಲ ಕೆಟ್ಟಿತು ನೋಡು ಶೆಟ್ಟೆಪ್ಪಣ್ಣ. ಒಮ್ಮೆರೆ ಮುಟ್ಟಲಿಲ್ಲ ಈ ಮನುಷ್ಯಾ. 'ಬಾಯಿ, ಇದರಾಗ ವಾಲ್ವ್ ಇಲ್ಲ, ಇದರ ನಾಡಿ ನನಗ ಸಿಗೂದಿಲ್ಲ' ಅಂತಿದ್ದ. ಬಾಜೂಕ ಮೆಕ್ಯಾನಿಕ್ ಇಟ್ಕೊಂಡು ನಾ ಪರೇಲ್ ತನಕಾ ಟೀವಿ ಹೊತ್ತೆ."

ಒಂದಿಬ್ಬರು ನಕ್ಕರು. ಬಾಗಿಲೊಳಗೆ ಕೂತಿದ್ದ ಯಾಕೂಬನ ಹೆಂಡತಿ ಚಾಂದಬಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಏನು ಮುಟ್ಟಬೇಕಾದರೂ ಮೊದಲ ಕೈ ಒರಸ್ಕೋತಿದ್ರು," ಎಂದಳು. "ಹೆಗಲ ಮ್ಯಾಲ ಟವೆಲ್ ಇಲ್ಲದ ದಿನಾನೇ ಇಲ್ಲ. ನಾನೇ ರೂಢಿ ಹಚ್ಚಿದ್ದು. ಕರೆಂಟ್ ಹೊಡದ ದಿನದಿಂದ ಬೈದು ಬೈದು. ಇವತ್ತ ಮೈ ತೊಳೆಯೋರಿಗೂ ಅಂದೆ, ಅವರ ಕೈ ಛಂದಂಗ ಒರಸ್ರೀ ಅಂತ."

ಶೆಟ್ಟೆಪ್ಪ ಚಹಾದ ಗ್ಲಾಸು ಕೆಳಗಿಟ್ಟ.

ಅವನ ಎದುರು ಕುರ್ಚಿಯಲ್ಲಿ ಮಲಾಡಿನ ರೋಶನ್ ಕೂತಿದ್ದ. ಊರು ಮಂಗಳೂರು, ಕೆಲಸ ಬ್ಯಾಂಕು, ರಜೆಯೆಲ್ಲ ಗಾಜಿನ ವಾಲ್ವಿನ ಹಳೇ ರೇಡಿಯೊಗಳಿಗೆ. ಸೆಟ್ಟು ಸಿಗುತ್ತಿತ್ತು, ವಾಲ್ವೂ ಸಿಗುತ್ತಿತ್ತು, ಸಿಗದಿದ್ದದ್ದು ಒಳಗಿನ ತಂತಿ ಜೋಡಣೆಯ ನಕ್ಷೆ. ಕಂಪನಿಗಳು ಮುಚ್ಚಿ ಕಾಗದಗಳು ರದ್ದಿಗೆ ಹೋಗಿದ್ದವು. ಹುಡುಕುತ್ತಾ ಎರಡು ವರ್ಷದ ಹಿಂದೆ ಯಾಕೂಬನ ಬಾಗಿಲಿಗೆ ಬಂದಿದ್ದ. ಈಗ ಅವನ ತೊಡೆಯ ಮೇಲೆ ಯಾಕೂಬನ ಫೈಲಿತ್ತು. ನಕ್ಷೆಯ ಇನ್ನೂರ ಹನ್ನೆರಡು ಹಾಳೆ, ಎಲ್ಲ ಕೈಯಲ್ಲಿ ಬರೆದವು.

"ಇವತ್ತೇ ಬೇಡ ಅಂದೆ ನಾನು," ರೋಶನ್ ಸಂಕೋಚದಿಂದ ಹೇಳಿದ. "ಇವರು ಕೇಳ್ಬೇಕಲ್ಲ ಮಾರಾಯ್ರೆ."

"ಫೈಲ್ ನಿಮಗ ಅಂತ ಮಾತು ಕೊಟ್ಟಿದ್ರು," ಎಂದಳು ಚಾಂದಬಿ. "ಮಂದೀದು ಮನ್ಯಾಗ ಇಟ್ಕೊಂಡು ಅವರನ್ನ ಮಣ್ಣಿಗೆ ಕಳಸಬಾರದು."

"ಸಂಜೆ ಫೋಟೊ ತೆಗ್ದು ನಮ್ಮ ಗ್ರೂಪಿಗೆ ಹಾಕ್ತೇನೆ. ಇಡೀ ದೇಶದಿಂದ ಮುನ್ನೂರು ಜನ ಇದ್ದೇವೆ. ಮೊದ್ಲು ನಲವತ್ತೇಳನೇ ಹಾಳೆ. ಐದು ವಾಲ್ವಿನ ಸೆಟ್ಟು. ಅದರ ನಕ್ಷೆ ಬೇರೆಲ್ಲೂ ಇಲ್ಲ. ಮೂರು ಜನ ಸೆಟ್ಟು ಬಿಚ್ಚಿಟ್ಟು ಕಾಯ್ತಾ ಇದ್ದಾರೆ."

ನಲವತ್ತೇಳನೇ ಹಾಳೆ ಯಾವುದೆಂದು ಶೆಟ್ಟೆಪ್ಪ ಕೇಳಲಿಲ್ಲ. ಅದನ್ನು ಬರೆದವನು ಅವನೇ.

* * *

ಸಾವಿರದ ಒಂಬೈನೂರ ಎಂಬತ್ತೊಂದು. ಇಂಡಿ ತಾಲೂಕಿನ ಇಬ್ಬರು ಹುಡುಗರು, ಯಾಕೂಬ ಮತ್ತು ಶೆಟ್ಟೆಪ್ಪ, ಬೈಕುಲ್ಲಾದಲ್ಲಿ ಆರಡಿ ಅಗಲದ ರೇಡಿಯೊ ರಿಪೇರಿ ಅಂಗಡಿ ಇಟ್ಟು ನಾಲ್ಕು ವರ್ಷವಾಗಿತ್ತು. ಲ್ಯಾಮಿಂಗ್ಟನ್ ರೋಡಿನ ವ್ಯಾಪಾರಿಯೊಬ್ಬ ಐದು ವಾಲ್ವಿನ ಸೆಟ್ಟೊಂದರ ಅಸಲು ಕಂಪನಿ ನಕ್ಷೆಯನ್ನು ಎರಡು ತಾಸಿನ ಮಟ್ಟಿಗೆ ಕೊಟ್ಟ. ಶೆಟ್ಟೆಪ್ಪ ಊಟ ಬಿಟ್ಟು ನಕಲು ಮಾಡಿದ. ಅವನ ಗೆರೆ ನೆಟ್ಟಗೆ, ಅಕ್ಷರ ದುಂಡಗೆ. ಯಾಕೂಬ ನೋಡಿ, "ಎಲ್ಲಾ ಹಾಕಿದೀ ಹೌದಿಲ್ಲೋ?" ಎಂದು ಕೇಳಿದ. "ಹೂಂ, ತಾಳೆ ನೋಡೀನಿ," ಎಂದ ಶೆಟ್ಟೆಪ್ಪ. ನೋಡಿರಲಿಲ್ಲ.

ಆ ಸೆಟ್ಟಿಗೆ ಟ್ರಾನ್ಸ್‌ಫಾರ್ಮರ್ ಇಲ್ಲ. ಮನೆಯ ಕರೆಂಟಿನ ಒಂದು ತಂತಿ ನೇರ ಒಳಗಿನ ತಗಡಿಗೇ ಬರುತ್ತದೆ. ಆ ತಗಡಿಗೂ ಹಿಂಬದಿಯ ಅರ್ಥಿಂಗ್ ತಂತಿಗೂ ನಡುವೆ ಒಂದು ಕಂಡೆನ್ಸರ್ ತಡೆಯಾಗಿ ನಿಂತಿರಬೇಕು. ನಕ್ಷೆಯಲ್ಲಿ ಅದು ಎರಡು ಗಿಡ್ಡ ಗೀರು. ಶೆಟ್ಟೆಪ್ಪ ಅಲ್ಲಿ ಉದ್ದಕ್ಕೆ ಒಂದೇ ಗೆರೆ ಎಳೆದಿದ್ದ, ಅಂದರೆ ತಡೆಯಿಲ್ಲದ ನೇರ ತಂತಿ.

ರಿಪೇರಿಗೆ ಬಂದ ಸೆಟ್ಟಿನಲ್ಲಿ ಕಂಡೆನ್ಸರ್ ಸುಟ್ಟು ಉದುರಿತ್ತು. ಯಾಕೂಬ ನಕ್ಷೆ ನೋಡಿ, ಅದರಂತೆ ತಂತಿ ಜೋಡಿಸಿದ. ನಮಾಜಿಗೆ ಕೈಕಾಲು ತೊಳೆದು ಬಂದು ಸೆಟ್ಟು ಹಚ್ಚಿ ಅರ್ಥಿಂಗ್ ತಂತಿ ಹಿಡಿದ. ಕರೆಂಟು ಅವನನ್ನು ಬಿಡಲಿಲ್ಲ. ಶೆಟ್ಟೆಪ್ಪ ಪ್ಲಗ್ಗು ಕಿತ್ತ. ಬಲಗೈಯ ಕಡೆಯ ಎರಡು ಬೆರಳು ಸುಟ್ಟವು, ಮತ್ತೆ ಮಡಚಲಿಲ್ಲ.

"ಹಸೀ ಕೈ," ಎಂದರು ಎಲ್ಲರೂ. ಯಾಕೂಬನೂ ಹಾಗೇ ಅಂದ.

ಎರಡು ತಿಂಗಳ ಮೇಲೆ ಗಿರಗಾವಿನ ಮನೆಯೊಂದರಲ್ಲಿ ಅಂಥದೇ ಸೆಟ್ಟಿನ ಬೆನ್ನಿಗೆ ಕಂಪನಿ ಅಂಟಿಸಿದ್ದ ನಕ್ಷೆ ಶೆಟ್ಟೆಪ್ಪನ ಕಣ್ಣಿಗೆ ಬಿತ್ತು. ಎರಡು ಗೀರು. ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಆಮೇಲೆ ಹದಿಮೂರು ವರ್ಷ ಯಾಕೂಬನ ಬೆಸುಗೆ ಕೆಲಸವನ್ನೆಲ್ಲ ತಾನೇ ಮಾಡಿದ. ಯಾಕೂಬ ಅದನ್ನು ದೋಸ್ತಿ ಎಂದುಕೊಂಡ. ಅಂಗಡಿ ನಡೆಯದಾದಾಗ ಶೆಟ್ಟೆಪ್ಪ ಮುಲುಂಡಿನ ಸೊಸೈಟಿಯೊಂದರ ಪಂಪು ನೋಡಿಕೊಳ್ಳಲು ಹೋದ.

* * *

ಒಂದಕ್ಕೆ ಹತ್ತು ನಿಮಿಷವಿತ್ತು. ಯಾಕೂಬನನ್ನು ಮಲಗಿಸಿದ ಜನಾಜಾ ಅಂಗಳಕ್ಕೆ ಬಂತು. ಸೊಹೈಲ ಮುಂದೆ ನಿಂತು, ಅಬ್ಬಾನ ಮೇಲೆ ಯಾರ ಸಾಲ, ಹಕ್ಕು ಏನಾದರೂ ಇದ್ದರೆ ನನಗೆ ಹೇಳಿ, ಇಲ್ಲವೆಂದರೆ ಮಾಫ್ ಮಾಡಿ ಎಂದು ಹಿಂದಿಯಲ್ಲಿ ಕೇಳಿದ. ಎತ್ತುವ ಮೊದಲು ಕೇಳುವ ಮಾತು. ಸತ್ತವನ ಹಕ್ಕು ಯಾರ ಮೇಲಿದೆ ಎಂದು ಕೇಳುವ ಪದ್ಧತಿ ಇಲ್ಲ.

ರೋಶನ್ ಫೈಲನ್ನು ಚೀಲಕ್ಕೆ ಹಾಕುತ್ತಿದ್ದ.

"ತಡೀರಿ," ಎಂದ ಶೆಟ್ಟೆಪ್ಪ. "ನಲವತ್ತೇಳನೇ ಹಾಳಿ ತಗೀರಿ. ಅದು ತಪ್ಪೈತಿ."

"ಕಾಕಾ, ಅಭೀ?" ಎಂದ ಸೊಹೈಲ.

"ಈಗನ ಹೇಳಬೇಕಪ್ಪಾ. ಅದನ್ನ ನೋಡಿ ಯಾರರೆ ತಂತಿ ಹಚ್ಚಿದ್ರ ಸಾಯ್ತಾರ." ಅವನು ಬಾಗಿಲ ಕಡೆ ತಿರುಗಿದ. "ಭಾಬಿ, ಹಸೀ ಕೈಯಿಂದ ಆಗಿದ್ದಲ್ಲ ಅದು. ನಕ್ಷೆ ನಾ ತಪ್ಪು ಬರದಿದ್ದೆ. ಅವನ ಕೈ ಒಣಗಿದ್ರೂ ಹಿಡೀತಿತ್ತು."

ಚಾಂದಬಿ ತಲೆಯೆತ್ತಿದಳು. "ಅವರಿಗೆ ಗೊತ್ತಿತ್ತೇನು?"

"ಗೊತ್ತಿಲ್ಲ ಭಾಬಿ. ನಾ ಕೇಳಲಿಲ್ಲ."

"ನಲವತ್ಮೂರು ವರ್ಷ ಬೈದೀನಿ ನಾ," ಎಂದಳು ಚಾಂದಬಿ. "ಊಟಕ್ಕ ಕುಂತಾಗ ಬೈದೀನಿ. ಮಂದಿ ಮುಂದ ಬೈದೀನಿ. ಒಮ್ಮೆರೆ ಎದುರಾಡಲಿಲ್ಲ. ಒರಸ್ಕೋತಿದ್ರು."

ಎದ್ದು ಒಳಗೆ ಹೋದಳು.

ಹಾಳೆ ಹಳದಿಯಾಗಿತ್ತು. ಗುಂಡುಪಿನ್ನಿನ ತುಕ್ಕು ಬಿಟ್ಟರೆ ಅದರ ಮೇಲೆ ಬೇರೆ ಯಾರ ಗುರುತೂ ಇರಲಿಲ್ಲ. ರೋಶನ್ ಪೆನ್ನು ಕೊಟ್ಟ. ಶೆಟ್ಟೆಪ್ಪ ಕುರ್ಚಿಯ ಮೇಲೆ ಹಾಳೆಯಿಟ್ಟು, ಮಂಡಿಯೂರಿ, ಉದ್ದ ಗೆರೆಯನ್ನು ನಡುವೆ ಹೊಡೆದು ಹಾಕಿ ಎರಡು ಗೀರು ಎಳೆದ. ಎರಡನೆಯದು ಸೊಟ್ಟಗಾಯಿತು. ಕೆಳಗೆ ತನ್ನ ಹೆಸರು, ತಾರೀಖು ಬರೆದ. ಅಷ್ಟರಲ್ಲಿ ಜನಾಜಾ ಎದ್ದಿತ್ತು. ಹಿಂದಿನ ಎಡಗಡೆಯವನು ಸರಿದು ಹೆಗಲು ಕೊಡಲು ಜಾಗ ಬಿಟ್ಟ. ಗಲ್ಲಿಯ ತಿರುವಿನ ತನಕ ಶೆಟ್ಟೆಪ್ಪ ಹೊತ್ತ. ಮುಂದೆ ಮೊಣಕಾಲು ಕೇಳಲಿಲ್ಲ.

ಕಬರಸ್ತಾನದಲ್ಲಿ ಎಲ್ಲರಂತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಮರಳಿ ಬಂದು ಚಾಳಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಸೊಹೈಲ ಒಳಗೆ ಹೋಗಿ ಬಂದ. ಕೈಯಲ್ಲಿ ಯಾಕೂಬನ ಅಂಚು ಸವೆದ ಟವೆಲ್ಲಿತ್ತು.

"ಅಮ್ಮಿ ಕೊಟ್ರು," ಎಂದ. "ಕೈ ಒರಸ್ಕೋ ಅಂತ ಹೇಳಿದ್ರು."

ಶೆಟ್ಟೆಪ್ಪ ಒಂದೊಂದೇ ಬೆರಳು ಒರಸಿಕೊಂಡ. ಟವೆಲ್ ಮಡಚಿ ಸೊಹೈಲನ ಕೈಗೆ ಕೊಟ್ಟು, ನಾಲ್ಕು ಹನ್ನೆರಡರ ಸ್ಲೋ ಲೋಕಲ್ ಹಿಡಿದು ಮುಲುಂಡಿಗೆ ಹೋದ.