ನಲವತ್ತೈದು ಟನ್ನಿನ ಸುಳ್ಳು

ಪಕ್ಕದ ಮನೆಯ ಕರೆವ್ವನ ಕೋಳಿ ನಮ್ಮ ಅಂಗಳಕ್ಕೆ ಬಂದಿದೆ, ಒಂದು ಕಾಲು ಎತ್ತುತ್ತದೆ, ಇಡುತ್ತದೆ, ಹೆಜ್ಜೆ ಹೆಜ್ಜೆಗೂ ಎರೆಮಣ್ಣು ಮೆತ್ತಿ ಕೋಳಿಯ ಕಾಲು ಆನೆಯ ಕಾಲಾಗಿದೆ, ಸೊರಟೂರಿನ ಮಣ್ಣೇ ಹಾಗೆ, ನಾಲ್ಕು ಹನಿ ಬಿದ್ದರೆ ಚಪ್ಪಲಿ ಕಸಿಯುತ್ತದೆ, ಹತ್ತು ಹನಿ ಬಿದ್ದರೆ ಚಕ್ಕಡಿ ನುಂಗುತ್ತದೆ, ಒಂದು ತಾಸು ಸುರಿದರೆ ಊರನ್ನೇ ನುಂಗಿ ತೇಗೀತು — ಯಾವ ಕಡೆ ತಿರುವಿದ್ದಿ ಮಾಮಾ, ಕೇಳಿದ್ದಾನೆ ಮಲ್ಲು, ಈಗಷ್ಟೇ, ನನ್ನ ತಂಗಿ ಶಾರದವ್ವನ ಮಗ, ಫೌಜಿನಲ್ಲಿ ಟ್ಯಾಂಕ್ ನಡೆಸುವವನು, ಪ್ಲಾಸ್ಟರಿನ ಕಾಲನ್ನು ಕಟ್ಟೆಯ ಮೇಲೆ ಚಾಚಿ, ನನ್ನ ಮುಖ ನೋಡದೆ ಕೋಳಿಯನ್ನು ನೋಡುತ್ತಾ, ಆವತ್ತ ಕಚ್ಛದ ಕೆಸರಿನಾಗ ನಿನ್ನ ಟ್ಯಾಂಕ್ ಹುಗಿದಾಗ ಎಡಕ್ಕ ತಿರುವಿದ್ದೊ ಬಲಕ್ಕೊ, ನಾಳೆ ಗದಗಿನಿಂದ ಗಾಡಿ ಹತ್ತತೇನಿ, ವಿಚಾರಣಿ ಐತಿ, ಸಾಹೇಬರ ಮುಂದ ಹೇಳಬೇಕು. ಎಂಥ ಸಣ್ಣ ಪ್ರಶ್ನೆ, ಎಡ, ಬಲ, ಕೂಸು ಕೂಡ ಹೇಳೀತು, ಮತ್ತೆ ನಾನು ಸಂಗಪ್ಪ, ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಟ್ಯಾಂಕ್ ಸಂಗಪ್ಪ, ಇಪ್ಪತ್ತು ವರ್ಷ ಬಾಯಿ ಮುಚ್ಚದವನು, ಈಗ ನಾಲಿಗೆ ಹುಡುಕುತ್ತಿದ್ದೇನೆ.

ಏನೇನು ಹೇಳಿರಲಿಲ್ಲ ನಾನು, ಕಪ್ಪತಗುಡ್ಡದಂಥ ಹತ್ತು ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿಸಿ ಇಳಿಸಿದ್ದೇನೆ ಎಂದೆ, ಟ್ಯಾಂಕ್ ಸಿಕ್ಕರೆ ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ತನಕ ಚಹಾ ಆರುವುದರೊಳಗೆ ಉತ್ತು ತೋರಿಸುತ್ತೇನೆ ಎಂದೆ, ವೈರಿಯ ಗುಂಡು ಟ್ಯಾಂಕಿನ ಎದೆಯ ಉಕ್ಕಿಗೆ ಬಡಿದು ನಾಚಿಕೊಂಡು ಕೆಳಗೆ ಬಿತ್ತು, ಅದನ್ನೇ ಕಾಯಿಸಿ ಮೀಸೆ ಸುರುಳಿ ಮಾಡಿಕೊಂಡೆ ಎಂದೂ ಹೇಳಿದೆ, ನಕ್ಕರು, ನಂಬಿದರು, ಎರಡನ್ನೂ ಒಟ್ಟಿಗೇ ಮಾಡಿದರು. ಮಲ್ಲು ಭರ್ತಿಯಾದ ದಿನ ಶಾರದವ್ವ ಸೆರಗಿನ ತುದಿ ಹಿಂಡುತ್ತಾ ಬಂದಿದ್ದಳು, ಯಣ್ಣಾ, ಖರೆ ಹೇಳು, ಟ್ಯಾಂಕಿನಾಗ ಇದ್ದವರಿಗೆ ಏನೂ ಆಗಂಗಿಲ್ಲ ಹೌದಲ್ಲೊ, ಎಂದಳು, ಯವ್ವಾ ತಂಗಿ, ಸಿಡ್ಲು ಬಡದರ ಸಿಡ್ಲಿಗೇ ಪೆಟ್ಟು, ನಿನ್ನ ಮಗ ನಿನ್ನ ಹೊಟ್ಟಿಯೊಳಗ ಇದ್ದಂಗ ಇರತಾನ, ಎಂದೆ, ಅವಳು ಸೆರಗು ಬಿಟ್ಟಳು. ಆಮೇಲೆ ಫೋನಿನಲ್ಲಿ ಬಂದವು ಆ ವಿಡಿಯೊಗಳು, ಎಲ್ಲಿಯದೋ ಯುದ್ಧ, ಕೈಯಷ್ಟಗಲದ ಯಂತ್ರ ಹಕ್ಕಿಯಂತೆ ಮೇಲೆ ಬಂದು ಒಂದು ಗುಂಡು ಉದುರಿಸುತ್ತದೆ, ಟ್ಯಾಂಕಿನ ತಲೆ ಸಾರಿನ ಪಾತ್ರೆಯ ಮುಚ್ಚಳದಂತೆ ಹಾರುತ್ತದೆ, ಮುಂದೆ ಗುಡ್ಡದಂಥ ಉಕ್ಕು, ನೆತ್ತಿ ಮಾತ್ರ ತೆಳ್ಳಗೆ, ಕೂಸಿನ ನೆತ್ತಿ, ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಹೇಳುವುದಾದರೂ ಯಾಕೆ, ಅಡಿಗೆಯವನಿಗೆ.

ಹೌದು, ಅಡಿಗೆಯವನು. ಹದಿನೇಳು ವರ್ಷ ಟ್ಯಾಂಕಿನ ಪಲ್ಟನ್ನಿನ ಅಡಿಗೆಮನೆಯಲ್ಲಿ, ಲಂಗರ್ ಅನ್ನುತ್ತಾರೆ ಅದಕ್ಕೆ, ಪೂರಿ ಕರಿದೆ, ಇಡೀ ಜಿಲ್ಲೆಗೆ ಹೊದಿಸಿದರೂ ಮಿಗುವಷ್ಟು ಪೂರಿ, ಅದು ಮಾತ್ರ ಸುಳ್ಳಲ್ಲ, ಟ್ಯಾಂಕಿನ ಮೇಲೆ ಕೂತದ್ದು ಒಂದೇ ಸಲ, ಬೇಳೆಯ ಡಬ್ಬಿಯನ್ನು ಎರಡು ತೊಡೆಯ ನಡುವೆ ಒತ್ತಿ ಹಿಡಿದು, ಮೈದಾನದಲ್ಲಿ ಹಸಿದವರಿಗೆ ಬಡಿಸಲು, ಅರ್ಧ ಹರದಾರಿ, ಒಳಗೆ ಇಣುಕಿ ಕೂಡ ನೋಡಲಿಲ್ಲ, ಹೊಗೆಗೆ ವಾಂತಿ ಬಂದಿತ್ತು. ಮತ್ತೆ ಆ ಕೆಸರಿನ ಮಾತು ಎಲ್ಲಿಂದ ಬಂತು, ಅಪ್ಪನಿಂದ, ನಾನು ಏಳು ವರ್ಷದವನಿದ್ದಾಗ ಇದೇ ಊರಿನ ಹೊಲದಲ್ಲಿ ಶೇಂಗಾ ಹೇರಿದ ಚಕ್ಕಡಿ ಅಚ್ಚಿನವರೆಗೆ ಹುಗಿದಿತ್ತು, ಅಪ್ಪ ಎತ್ತುಗಳನ್ನು ನೇರ ಹೊಡೆಯಲಿಲ್ಲ, ನೊಗವನ್ನು ಒಮ್ಮೆಲೇ ಅಡ್ಡ ತಿರುವಿಸಿದ, ಗಾಲಿಯನ್ನು ಹಿಡಿದಿದ್ದ ಮಣ್ಣು ಪಚಕ್ಕೆಂದು ಬಾಯಿಬಿಟ್ಟಿತು, ಚಕ್ಕಡಿ ಹೊರಗೆ. ನಾನು ಅದೇ ಚಕ್ಕಡಿಗೆ ನಲವತ್ತೈದು ಟನ್ ಉಕ್ಕು ಹೊದಿಸಿ, ಅಪ್ಪನನ್ನು ಇಳಿಸಿ ನಾನು ಕೂತು, ಕಚ್ಛಕ್ಕೆ ಒಯ್ದೆ, ಅಷ್ಟೇ. ಕಳೆದ ಯುಗಾದಿಗೆ ಇದೇ ಕಟ್ಟೆಯ ಮೇಲೆ, ಮಲ್ಲು ಬೇವು ಬೆಲ್ಲ ತಿನ್ನುತ್ತಾ, ಮಾಮಾ, ಕೆಸರಿನಾಗ ತಿರುವಬ್ಯಾಡ್ರಿ ಅಂತಾನ ನಮ್ಮ ಉಸ್ತಾದ, ಸಾವಕಾಶ ನೆಟ್ಟಗ ಹೋಗ್ರಿ, ತಿರುವಿದ್ರ ಗಾಲಿಗೆ ಸುತ್ತಿದ ಸರಪಳಿ ಕಳಚತೈತಿ ಅಂತಾನ, ಆಗ ನಾನು ನಕ್ಕದ್ದು ಪಕ್ಕದ ಊರಿಗೂ ಕೇಳಿಸಿರಬೇಕು, ಲೇ ಅಳಿಯಾ, ಅಂವ ಪುಸ್ತಕದಾಗ ಓದಿದಂವ, ನಾ ಎರಿ ಹೊಲದಾಗ ಹುಟ್ಟಿದಂವ, ಹುಗಿತಂದ್ರ ಒಮ್ಮಿಲೆ ಅಡ್ಡ ತಿರುವಿ ಬಿಡು, ನಿಮ್ಮ ಮಾಮಾ ಹಂಗ ಹೊರಗ ಬಂದಾನ.

ತಿರುವಿದ. ಹಳ್ಳ ದಾಟುವ ಅಭ್ಯಾಸ, ಎಲ್ಲೋ ಮೇಲೆ ಮಳೆ, ಟ್ಯಾಂಕ್ ಕೆಸರಿನಲ್ಲಿ ನಿಂತಿತು, ನಮ್ಮ ಹುಡುಗ ಒಮ್ಮೆಲೇ ತಿರುವಿದ, ಸರಪಳಿ ಕಳಚಿತು, ನಲವತ್ತೈದು ಟನ್ ಒಂದು ಮಗ್ಗುಲಿಗೆ ಮಲಗಿತು, ನೀರು ಬಂತು, ಮಲ್ಲು ಕಾಲು ಮುರಿದುಕೊಂಡು ಹೊರಬಿದ್ದ, ಒಳಗಿದ್ದ ಅಝೀಮ ಬರಲಿಲ್ಲ, ಬೆಟಗೇರಿಯ ಅಝೀಮ, ಕಳೆದ ಸಲ ಇಬ್ಬರೂ ಕೂಡಿಯೇ ರಜೆಗೆ ಬಂದಿದ್ದರು, ಮಿರ್ಚಿ ತಿನ್ನುತ್ತಾ ನನ್ನನ್ನು ಕೇಳಿದ್ದ, ಮಾಮಾ, ಮೀಸಿ ಸುರುಳಿ ಮಾಡಿದ ಗುಂಡು ಎಲ್ಲೈತ್ರಿ, ತೋರಸ್ರಿ, ನಾನೂ ಒಂದು ಸುರುಳಿ ಮಾಡ್ಕೋತೇನಿ, ಗಡ್ಡವೇ ಇನ್ನೂ ಸರಿಯಾಗಿ ಬಾರದ ಮುಖ. ಗುಂಡಲ್ಲ, ವೈರಿಯಲ್ಲ, ಆಕಾಶದಿಂದ ಬಂದ ಯಂತ್ರವೂ ಅಲ್ಲ, ಮಣ್ಣು, ಮತ್ತು ನನ್ನ ಬಾಯಿ. ನಿನ್ನೆ ಮಲ್ಲು ಹೇಳಿದ, ಟ್ಯಾಂಕಿಗೆ ಏನೂ ಆಗಿಲ್ಲ ಮಾಮಾ, ಮೂರು ದಿನಕ್ಕ ಎಳದು ತಗದು ತೊಳದ್ರು, ಎರಡನೇ ಸಲಕ್ಕ ಚಾಲೂ ಆತು, ನೀ ಹೇಳಿದ್ದು ಖರೆ.

ಹೇಳಿಬಿಡಬೇಕು, ಈಗಲೇ, ನಾ ಪೂರಿ ಕರೀತಿದ್ದೆ ಅಳಿಯಾ, ನಾಲ್ಕೇ ನಾಲ್ಕು ಮಾತು, ಹೇಳಿದರೆ ಇವನು ಸಾಹೇಬರ ಮುಂದೆ ನನ್ನ ಹೆಸರು ಎತ್ತಿ ನಗೆಗೀಡಾಗುವುದಿಲ್ಲ, ಆದರೆ ತನ್ನ ಗೆಳೆಯ ಸತ್ತದ್ದು ಒಬ್ಬ ಅಡಿಗೆಯವನ ಜಂಬಕ್ಕೆ ಎಂದು ಗೊತ್ತಾಗುತ್ತದೆ, ಗೊತ್ತಾಗಲಿ, ನನ್ನ ಮುಖಕ್ಕೆ ಉಗುಳಲಿ, ಉಗುಳಿದರೆ ಹಗುರಾದಾನು, ನಾ ಪೂರಿ — ಶಾರದವ್ವ ಚಹಾ ಹಿಡಿದು ಹೊಸ್ತಿಲು ದಾಟಿದ್ದಾಳೆ, ಎರಡು ಕಪ್ಪು, ನನ್ನ ಕಡೆ ನೋಡುತ್ತಾಳೆ, ಇಡೀ ಜಿಲ್ಲೆಯಲ್ಲಿ ನನ್ನ ಮಾತನ್ನು ನಗದೆ ನಂಬಿದ ಒಂದೇ ಮುಖ, ಹೇಳೊ ಯಣ್ಣಾ, ಅಂವಗೂ ಜರಾ ಧೈರ್ಯ ಬರಲಿ — ಎಡವೋ ಬಲವೋ, ಯಾವುದಾದರೇನು, ಇವನು ಯಾವ ಕಡೆ ತಿರುವಿದನೋ ಅದನ್ನೇ ಹೇಳಿದರೆ ತಪ್ಪು ಮಣ್ಣಿನದು, ಎರಡರಲ್ಲಿ ಒಂದು, ಬಾಯಿ ತನ್ನಷ್ಟಕ್ಕೆ ತಾನೇ ತೆರೆಯುತ್ತದೆ, ಎದೆ ಉಬ್ಬಿಸಿಕೊಂಡೇ ತೆರೆಯುತ್ತದೆ, ಬಲಕ್ಕ, ಅಳಿಯಾ, ಬಲಕ್ಕ ತಿರುವಿದ್ದೆ, ಅದರಾಗ ಕೇಳೂದೇನೈತಿ.

ಮಲ್ಲು ಚಹಾ ತೆಗೆದುಕೊಳ್ಳಲಿಲ್ಲ, ಹಂಗಾರ ತಪ್ಪು ನಂದ ಮಾಮಾ, ಎಂದ, ತೀರ ಮೆಲ್ಲಗೆ, ಏನೋ ಗಂಟು ಬಿಚ್ಚಿದವನಂತೆ, ಹಂಗ ಹೇಳತೇನಿ ಸಾಹೇಬರಿಗೆ, ನಾ ಎಡಕ್ಕ ಎಳದ್ನಿ, ಎಂದ, ಅವನ ಎಡಗೈ ತೊಡೆಯ ಮೇಲಿಂದ ಎದ್ದಿತು, ಗಾಳಿಯಲ್ಲಿ ಇಲ್ಲದ ಹಿಡಿಕೆಯೊಂದನ್ನು ಹಿಡಿದು ಹಿಂದಕ್ಕೆ ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು, ಶಾರದವ್ವ ಕಪ್ಪು ಹಿಡಿದು ನಿಂತೇ ಇದ್ದಾಳೆ, ಆ ಕೈ, ಹಿಂದಕ್ಕೆ, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ, ಮತ್ತೆ ಹಿಂದಕ್ಕೆ, ಆ ಎಡಗೈ, ಮತ್ತೆ —