ಸತ್ತ ಹುಲ್ಲು

ನನ್ನ ತಮ್ಮನ ಮಗ ಮಹಾಂತೇಶ ಜರ್ಮನಿಯಲ್ಲಿ ಪರಿಸರ ಓದಿ ಡಾಕ್ಟರೇಟ್ ಹೊತ್ತು ತಂದ. ವಿಷಯ ನಮ್ಮ ಚಳ್ಳಕೆರೆಯ ಕಾವಲು, ಅಂದರೆ ಹುಲ್ಲುಗಾವಲು. ಆದರೆ ಮಹಾನುಭಾವ ಅಲ್ಲಿ ಕಾಲಿಟ್ಟದ್ದು ವರ್ಷವರ್ಷವೂ ಏಪ್ರಿಲ್ ರಜೆಯಲ್ಲಿ ಮಾತ್ರ. ಒಣಹುಲ್ಲಿನ ಫೋಟೊ ತೆಗೆದು, ಕುರಿ ಮೇದು ಕಾವಲು ಸತ್ತಿದೆ ಎಂದು ಮುನ್ನೂರು ಪುಟ ಗೀಚಿದ. ಅಲ್ಲಿನ ಮೇಷ್ಟ್ರುಗಳು ಶಹಬ್ಬಾಸ್ ಎಂದರಂತೆ. ಅವರೂ ಕಾವಲು ಕಂಡವರಲ್ಲ.

ಮೊನ್ನೆ ಅದನ್ನೇ ಕುರಿ ಕಾಯುವ ಓಬಮ್ಮಜ್ಜಿಗೆ ಪಾಠ ಮಾಡಲು ನಿಂತ. ಅಜ್ಜಿ ಒಣಹುಲ್ಲಿನ ಬುಡವೊಂದನ್ನು ಕಿತ್ತು, ಉಗುರಿನಿಂದ ಸೀಳಿ, ಅವನ ಮೂಗಿನ ಹತ್ತಿರ ಹಿಡಿದಳು. ಒಳಗೆ ಹಸಿರಿತ್ತು.

“ಮಳೆ ಬರೋತನಕ ಇದು ಮಲಗಿರ್ತೈತೆ ಕಣಪ್ಪ. ನಿಮ್ಮ ಜರ್ಮನಿಯಾಗೆ ಮಲಗಿದೋರನ್ನೂ ಹೂಳ್ತಾರೇನು?”