ನಲವತ್ತು ಸೆಕೆಂಡಿನ ಕಳ್ಳತನ

ಆ ವಿಡಿಯೊ ನಾಲ್ಕನೇ ಸಲ ಓಡಿದಾಗ ಜಗದೇವಿಗೆ ಲ್ಯಾಪ್‌ಟಾಪನ್ನೇ ಎತ್ತಿ ಕಿಟಕಿಯಿಂದಾಚೆ ಎಸೆಯಬೇಕೆನಿಸಿತು. ಚೆನ್ನೈನ ಪೆರುಂಗುಡಿಯ ಕಚೇರಿಯೊಂದರ ಆರನೇ ಮಹಡಿಯ ಆ ಗಾಜಿನ ಕಿಟಕಿ ತೆರೆಯುವಂಥದ್ದಾಗಿರಲಿಲ್ಲ, ಅಷ್ಟೇ.

ಪರದೆಯ ಮೇಲಿದ್ದವಳು ಅವಳ ಮಗಳು ಶಿಲ್ಪಶ್ರೀ. ಎಂ.ಟೆಕ್ ಪ್ರವೇಶ ಪರೀಕ್ಷೆ; ಮನೆಯಲ್ಲೇ ಕೂತು ಬರೆಯುವುದು, ಕಾವಲಿಗೆ ಮನುಷ್ಯರಿಲ್ಲ, ಬರೀ ಕ್ಯಾಮೆರಾ. ಪ್ರಶ್ನೆಗಳು ತೆರೆದುಕೊಂಡಿವೆ. ಹುಡುಗಿ ಎಡ ಅಂಗೈಯಲ್ಲಿ ಏನನ್ನೋ ಇಟ್ಟು ಕಣ್ಣೆತ್ತರಕ್ಕೆ ಹಿಡಿಯುತ್ತಾಳೆ. ತುಟಿ ಅಲ್ಲಾಡುತ್ತದೆ. ನಲವತ್ತು ಸೆಕೆಂಡು. ಅಷ್ಟರಲ್ಲಿ ಬಾಗಿಲಾಚೆಯಿಂದ ಒಬ್ಬ ಹೆಂಗಸಿನ ದನಿ. ಯಂತ್ರ ಕೆಂಪಕ್ಷರದಲ್ಲಿ ತೀರ್ಪು ಬರೆದಿತ್ತು: ಕೈಯಲ್ಲಿ ಸಾಧನ, ಹೊರಗಿನವರ ನೆರವು, ಗುರುತಿಸಲಾಗದ ಭಾಷೆ. ಮೂರು ವರ್ಷ ಪರೀಕ್ಷೆ ಬರೆಯುವಂತಿಲ್ಲ.

“ಸಾಧನ ಅಲ್ರೀ ಅದು, ಇಷ್ಟಲಿಂಗ!” ಜಗದೇವಿ ಮೇಜು ಗುದ್ದಿದಳು.

“ಗೊತ್ತು ಮೇಡಂ. ನಾನೂ ಕನ್ನಡದವನೇ, ಮೈಸೂರು ಕಡೆ,” ಎಂದ ವಿಷ್ಣುಮೂರ್ತಿ. ಪರೀಕ್ಷೆ ನಡೆಸುವ ಕಂಪನಿಯಲ್ಲಿ ದೂರು ಕೇಳುವ ಅಧಿಕಾರಿ ಆತ.

ಗೊತ್ತಿದ್ದೂ ಕೂತಿದ್ದಾನೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಆ ದನಿ ನಂದೇ. ‘ಲಿಂಗ ನೋಡ್ಕೊಂಡಿಯೇನವಾ?’ ಅಂತ ಕೇಳೀನಿ. ಕನ್ನಡ ಬರ್ತದಲ್ಲ ನಿಮಗ? ಇದ್ರಾಗ ಯಾವ ಪ್ರಶ್ನೆಗೆ ಉತ್ತರ ಅದ ಹೇಳ್ರಿ!”

ಅವರ ಮನೆತನದ ರೂಢಿ ಅದು. ಕೆಲಸಕ್ಕೆ ಕೈ ಹಚ್ಚುವ ಮೊದಲು ಲಿಂಗ ನೋಡಬೇಕು; ಮುಂಚಿತವಾಗಿ ನೋಡಿಟ್ಟುಕೊಂಡರೆ ನಡೆಯದು, ಕೆಲಸ ಕಣ್ಣೆದುರಿಗೆ ಬಂದಿರಬೇಕು. ಸೌಕಾರ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಗಂಡ ಗಂಗಾಧರಪ್ಪ ಷಟರ್ ಎತ್ತಿ, ಅಂಗೈಯ ಲಿಂಗ ನೋಡಿಕೊಂಡೇ ಮೊದಲ ಗಿರಾಕಿಯನ್ನು ಮಾತಾಡಿಸುವುದು. ಅದಕ್ಕೇ ಜಗದೇವಿ ಅಂದು ಮಗಳ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಇಮ್ಮಡಿಯಾಗಿತ್ತು.

“ಮೆಷಿನ್ ಹಾಕಿದ ಬ್ಯಾನ್‌ಗಳಲ್ಲಿ ನಾನು ತಿಂಗಳಿಗೆ ಐದು ಮಾತ್ರ ತೆಗೀಬಹುದು,” ಎಂದ ವಿಷ್ಣುಮೂರ್ತಿ. “ಐದೂ ಮುಗಿದಿದೆ.”

“ಇವತ್ತಿನ್ನೂ ಒಂಬತ್ತನೇ ತಾರೀಖು!”

“ಏನ್ ಮಾಡ್ಲಿ ಮೇಡಂ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಯಂತ್ರ, ಪೂಜಾರಿಯೂ ಯಂತ್ರ. ಈ ಮಹಾಶಯ ಬರೀ ಗಂಟೆ ಬಾರಿಸುವವನು.

“ಹಂಗಾದ್ರ ನೀವ್ಯಾಕ ಕುಂತೀರಿ ಇಲ್ಲಿ? ಪಗಾರ ಯಾತಕ್ಕ ತಗೋತೀರಿ?”

ಅವನ ಮುಖ ಕೆಂಪಾಯಿತು. “ನಾಲಿಗೆ ಬಿಗಿ ಹಿಡೀರಿ. ಈ ರೂಮಲ್ಲೂ ಕ್ಯಾಮೆರಾ ಇದೆ.” ಒಂದು ಕಾಗದವನ್ನು ಅವಳತ್ತ ತಳ್ಳಿದ. “ಇರೋದು ಒಂದೇ ದಾರಿ. ಭಾನುವಾರ ಗಿಂಡಿ ಏರಿಯಾದ ಸೆಂಟರಲ್ಲಿ ಮತ್ತೆ ಬರೀಲಿ. ಮೈಮೇಲೆ ಉಂಗುರ, ದಾರ, ಏನೂ ಇರಬಾರ್ದು. ಅದಕ್ಕೆ ತಂದೆ ಇಲ್ಲಾ ತಾಯಿ ಸಹಿ ಬೇಕು, ಅಭ್ಯರ್ಥಿಗೆ ಎಷ್ಟೇ ವಯಸ್ಸಾಗಿರ್ಲಿ.”

“ಲಿಂಗ ಇಳಿಸಂತೀರಾ?” ಜಗದೇವಿ ಎದ್ದೇ ನಿಂತಳು. “ಅದು ಇಳಿದ್ರ ಜೀವ ಇಳಿದಂಗ ನಮಗ. ಆಕಿ ತೊಟ್ಟಿಲದಾಗ ಇದ್ದಾಗ ಕಟ್ಟಿದ್ದು. ಇಪ್ಪತ್ತೆರಡು ವರ್ಷ ಆತು, ಒಂದು ದಿನ ಕೊರಳು ಬಿಟ್ಟಿಲ್ಲ. ನನ್ನ ಮಗಳು ಪರೀಕ್ಷಾ ಬಿಟ್ಟಾಳು, ಲಿಂಗ ಬಿಡಾಂಗಿಲ್ಲ!”

“ಅಮ್ಮಾ, ಪೋದುಂ. ಸಾಕು.”

ಅಲ್ಲಿಯವರೆಗೆ ಹಿಂದಿನ ಕುರ್ಚಿಯಲ್ಲಿ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿದ್ದ ಶಿಲ್ಪಶ್ರೀ ತನ್ನ ತಮಿಳು ಬೆರೆತ ಕನ್ನಡದಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದಳು.

“ನಾನ್ ಅದನ್ನ ಹಾಕ್ಕೊಳ್ಳೋದೇ ಇಲ್ಲ. ಒಂದ್ ವರ್ಷ ಆಚ್ಚು. ಬ್ಯಾಗಲ್ಲಿ ಚಾರ್ಜರ್ ಜೊತೆ ಇರತ್ತೆ.” ಅವಳ ದನಿ ಏರಿತು. “ಅವತ್ತೊಂದಿನ ಮಾತ್ರ ಎತ್ಕೊಂಡೆ. ನೀ ಬಾಗ್ಲಲ್ಲಿ ನಿಂತಿದ್ದೆ, ಕೇಳೇ ಕೇಳ್ತೀಯಾ ಅಂತ ಗೊತ್ತಿತ್ತು. ಇಲ್ಲ ಅಂದ್ರೆ ಅಳ್ತೀಯಾ. ನಿನಗೋಸ್ಕರ ಮಾಡ್ದೆ, ಈಗ ಕಳ್ಳಿ ನಾನು!”

ಜಗದೇವಿ ಮಗಳ ಕೊರಳು ನೋಡಿದಳು. ಶರ್ಟಿನ ಮೇಲಿನ ಗುಂಡಿ ಬಿಚ್ಚಿತ್ತು, ಒಳಗೆ ದಾರವೂ ಇರಲಿಲ್ಲ. ಕ್ಯಾಮೆರಾ ನಲವತ್ತು ಸೆಕೆಂಡಿನಲ್ಲಿ ಹಿಡಿದದ್ದು ಸುಳ್ಳು. ಹೆತ್ತವಳು ಒಂದು ವರ್ಷವಾದರೂ ನಿಜವನ್ನು ಹಿಡಿದಿರಲಿಲ್ಲ.

“ಹಾಗಾದ್ರೆ ತೊಂದ್ರೆನೇ ಇಲ್ವಲ್ಲ ಮೇಡಂ,” ಎಂದು ವಿಷ್ಣುಮೂರ್ತಿ ಪೆನ್ನು ಚಾಚಿದ. ಆ ನೆಮ್ಮದಿಯ ದನಿಗೇ ಅವನ ಕೆನ್ನೆಗೊಂದು ಬಿಗಿಯಬೇಕೆನಿಸಿತು.

ಅವಳು ಕೂತು, ಕಾಗದ ಎಳೆದುಕೊಂಡು, ಎಲ್ಲಿ ಎಂದು ಕೇಳಿ ಸಹಿ ಹಾಕಿದಳು. ಶಿಲ್ಪಶ್ರೀ ಹಿಂದಿನಿಂದ ಬಂದು ಭುಜದ ಮೇಲೆ ಕೈಯಿಟ್ಟಳು.

“ಮುಟ್ಟಬ್ಯಾಡ ನನ್ನ,” ಎಂದಳು ಜಗದೇವಿ.